ಯಿಶಿಂಗ್ ಟೀಪಾಟ್: ಮಣ್ಣೆಷ್ಟು, ಮಾತೆಷ್ಟು

(ಚಹಾ ಇಷ್ಟಪಡುವ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಬಿಡಿಸಿ ಹೇಳಬೇಕಾದ್ದರಿಂದ ಕೆಲವು ಕಡೆ ಮಾತು ಬೆಳೆದಿದೆ.)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲಿರುವುದು ಚೀನಾದ ಯಿಶಿಂಗ್ ಅನ್ನುವ ಊರಿನ ಮಣ್ಣಿನ ಟೀಪಾಟ್‌ಗಳು. ಕೈಯಿಂದ ಕೈಗೆ ದಾಟಿಸಿ, ತಿರುಗಿಸಿ ನೋಡಿ, ಬೇಕಿದ್ದರೆ ಒಳಗೆ ಮೂಗಿಟ್ಟು ಮೂಸಿ. ಒಂದೇ ಕೋರಿಕೆ. ಎತ್ತುವಾಗ ಮುಚ್ಚಳದ ಮೇಲೆ ಒಂದು ಬೆರಳು ಇರಲಿ. ಮೊದಲು ಬಿದ್ದು ಒಡೆಯುವುದು ಸಾಮಾನ್ಯವಾಗಿ ಮುಚ್ಚಳವೇ, ಅದು ಹೋದರೆ ಅಳತೆಗೆ ಸರಿಯಾದ ಇನ್ನೊಂದು ಸಿಗುವುದಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇಷ್ಟು ಚಿಕ್ಕದರಲ್ಲಿ ಯಾರಿಗೆ ಟೀ ಸಾಕಾಗುತ್ತದೆ ಅಂತ ಕೆಲವರು ಆಗಲೇ ನಗುತ್ತಿದ್ದೀರಿ. ನಗಿ, ತಪ್ಪಿಲ್ಲ. ಇದರಲ್ಲಿ 120 ಮಿಲಿ ನೀರು ಹಿಡಿಯುತ್ತದೆ. ಆದರೆ ಒಮ್ಮೆ ಎಲೆ ಹಾಕಿದರೆ ಅದೇ ಎಲೆಯಿಂದ ಆರೇಳು ಸಲ ಟೀ ಇಳಿಸಿ ಕುಡಿಯುವ ಪದ್ಧತಿಗೆ ಮಾಡಿದ ಪಾತ್ರೆ ಇದು. ಆ ಪದ್ಧತಿಯನ್ನು ಪಕ್ಕಕ್ಕಿಟ್ಟು ಬರೀ ಪಾತ್ರೆಯನ್ನು ನೋಡಿದರೆ ಎಲ್ಲವೂ ವಿಚಿತ್ರವಾಗಿಯೇ ಕಾಣುತ್ತದೆ.

ನಾನು ಹೇಳಬೇಕು ಅಂತ ಬಂದಿರುವ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಟೀಪಾಟ್‌ಗಳ ಬಗ್ಗೆ ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಸಿಗುವ ಮಾತಿನಲ್ಲಿ ಮುಕ್ಕಾಲು ಪಾಲು ಮಣ್ಣಿನ ಮಹಿಮೆ. ಮಣ್ಣು ಉಸಿರಾಡುತ್ತದೆ, ಮಣ್ಣು ರುಚಿ ಕೊಡುತ್ತದೆ, ಮಣ್ಣಿಗೆ ಚಹಾದ ನೆನಪಿರುತ್ತದೆ. ನನ್ನ ಲೆಕ್ಕದಲ್ಲಿ ಒಳ್ಳೆಯ ಟೀಗೆ ಟೀಪಾಟ್ ಮಾಡುವ ಸಹಾಯದಲ್ಲಿ ಗಾತ್ರ, ಆಕಾರ, ಗೋಡೆಯ ದಪ್ಪ, ನೀರು ಸುರಿಯುವ ವೇಗ, ಇವೇ ಮುಖ್ಯ. ಮಣ್ಣಿನ ಗುಣ ಇದೆ, ಇಲ್ಲ ಅನ್ನುವುದಿಲ್ಲ, ಆದರೆ ಅದರ ಸರದಿ ಬರುವುದು ಇವೆಲ್ಲ ಆದ ಮೇಲೆ. ಇದನ್ನು ಒಪ್ಪದವರು ಇಲ್ಲೇ ಇದ್ದಾರೆ, ಗೊತ್ತು. ಆಮೇಲೆ ಜಗಳ ಆಡೋಣ.

ಈಗ ಊರಿನ ಕಥೆ. ಯಿಶಿಂಗ್ ಇರುವುದು ಪೂರ್ವ ಚೀನಾದ ಜಿಯಾಂಗ್ಸು ಪ್ರಾಂತ್ಯದಲ್ಲಿ, ತಾಯ್‌ಹು ಅನ್ನುವ ದೊಡ್ಡ ಸರೋವರದ ಪಶ್ಚಿಮ ದಡದಲ್ಲಿ. ಟೀಪಾಟ್ ಮಾಡುವ ನಿಜವಾದ ಜಾಗ ಅದಕ್ಕೆ ಸೇರಿದ ದಿಂಗ್‌ಶು ಅನ್ನುವ ಪಟ್ಟಣ. ಪಕ್ಕದಲ್ಲೇ ಹುವಾಂಗ್‌ಲಾಂಗ್ ಅನ್ನುವ ಚಿಕ್ಕ ಗುಡ್ಡ, ಅಂದರೆ ಹಳದಿ ಡ್ರ್ಯಾಗನ್ ಗುಡ್ಡ. ಹೆಸರಾದ ಮಣ್ಣೆಲ್ಲ ಬಂದಿದ್ದು ಹೆಚ್ಚಾಗಿ ಅದರ ಹೊಟ್ಟೆಯಿಂದ. ಅಲ್ಲಿ ಗಣಿಗಾರಿಕೆ 2005ರ ಹೊತ್ತಿಗೆ ನಿಂತುಹೋಯಿತು. ಈಗ ಬಳಸುವ ಮಣ್ಣಿನಲ್ಲಿ ಆಗ ತೆಗೆದು ರಾಶಿ ಹಾಕಿಟ್ಟದ್ದೂ ಇದೆ, ಸುತ್ತಮುತ್ತಲಿನ ಬೇರೆ ಕಡೆಯದೂ ಇದೆ. ಹಾಗಾಗಿ ಅಂಗಡಿಯವನು ಎದೆ ತಟ್ಟಿಕೊಂಡು ‘ಇದು ಅದೇ ಗುಡ್ಡದ ಹಳೇ ಮಣ್ಣು’ ಅಂದರೆ, ಇರಬಹುದು ಅಂತ ತಲೆ ಆಡಿಸಿ, ದುಡ್ಡನ್ನು ಮಾತ್ರ ಆ ಮಾತಿಗೆ ಕೊಡಬೇಡಿ.

ಮಣ್ಣು ಅಂತ ಕರೆಯುತ್ತಿದ್ದೇನೆ, ಆದರೆ ನೆಲದಿಂದ ಬರುವಾಗ ಅದು ಕಲ್ಲು. ಗಟ್ಟಿ, ಪದರ ಪದರದ ಕಲ್ಲು. ಅದನ್ನು ಬಿಸಿಲು ಮಳೆಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಾಗೇ ಬಿಡುತ್ತಾರೆ. ಅದು ತಾನಾಗಿ ಸಡಿಲವಾಗಿ ಉದುರುತ್ತದೆ. ಆಮೇಲೆ ಬೀಸಿ, ಜರಡಿ ಹಿಡಿದು, ನೀರು ಸೇರಿಸಿ ಕಲಸಿ, ತೇವ ಆರದಂತೆ ಮುಚ್ಚಿ ಮತ್ತೆ ಹಳೆಯದಾಗಲು ಬಿಡುತ್ತಾರೆ. ಈ ಮಣ್ಣಿಗೆ ಚೀನಿ ಭಾಷೆಯಲ್ಲಿ ಜಿಶಾ ಅಂತ ಹೆಸರು, ನೇರಳೆ ಮರಳು ಅಂತ ಅರ್ಥ. ಅದರಲ್ಲಿ ಜೇಡಿಯ ಜೊತೆ ಬೆಣಚು ಕಲ್ಲಿನ ಕಣ, ಅಭ್ರಕ, ಸಾಕಷ್ಟು ಕಬ್ಬಿಣ ಇರುತ್ತದೆ. ಬಣ್ಣ ಬರುವುದು ಮುಖ್ಯವಾಗಿ ಕಬ್ಬಿಣದಿಂದ. ಮುಟ್ಟಿ ನೋಡಿ, ಕೆಂಪು ಬೆರೆತ ಕಂದು ಬಣ್ಣದ ಇದು ಜಿನಿ, ನೇರಳೆ ಮಣ್ಣು. ಕಿತ್ತಳೆ ಕೆಂಪಿನ ಚಿಕ್ಕದು ಝುನಿ. ಮಂಕು ಹಳದಿಯದು ದುವಾನ್‌ನಿ. ಝುನಿ ತುಂಬಾ ನಯ, ಸುಟ್ಟಾಗ ತುಂಬಾ ಕುಗ್ಗುತ್ತದೆ, ಭಟ್ಟಿಯಲ್ಲಿ ಸೊಟ್ಟಗಾಗುವುದು ಬಿರುಕು ಬಿಡುವುದು ಜಾಸ್ತಿ. ಅದಕ್ಕೇ ಝುನಿಯಲ್ಲಿ ದೊಡ್ಡ ಟೀಪಾಟ್ ಅಪರೂಪ. ಸಿಕ್ಕರೆ ಬೆಲೆಯೂ ಹಾಗೇ ಇರುತ್ತದೆ.

ಒಳಗೂ ಹೊರಗೂ ಗ್ಲೇಜ್ ಇಲ್ಲ, ಗಮನಿಸಿದಿರಾ? ಪಿಂಗಾಣಿಯ ಗಾಜಿನಂಥ ಪದರ ಇಲ್ಲ. ಬರೀ ಮಣ್ಣು. ಹಾಗಾದರೆ ನೀರು ಜಿನುಗಬೇಕಲ್ವಾ, ನಮ್ಮ ಕುಡಿಯುವ ನೀರಿನ ಮಡಿಕೆಯ ಹಾಗೆ? ಮಡಿಕೆಯನ್ನು ಕಡಿಮೆ ಬಿಸಿಯಲ್ಲಿ ಸುಡುತ್ತಾರೆ, ಅದರ ಮೈತುಂಬ ಒಂದಕ್ಕೊಂದು ಸೇರಿದ ತೂತು. ನೀರು ಹೊರಗೆ ಬಂದು ಆವಿಯಾಗುತ್ತದೆ, ಅದರಿಂದಲೇ ಒಳಗಿನ ನೀರು ತಣ್ಣಗಾಗುತ್ತದೆ. ಯಿಶಿಂಗ್ ಮಣ್ಣನ್ನು ಸುಮಾರು 1100ರಿಂದ 1200 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಡುತ್ತಾರೆ. ಅಷ್ಟು ಬಿಸಿಗೆ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಸಣ್ಣ ತೂತುಗಳು ಉಳಿಯುತ್ತವೆ, ಕೆಲವು ಮೇಲ್ಮೈಗೆ ತೆರೆದಿರುತ್ತವೆ, ಕೆಲವು ಒಳಗೇ ಮುಚ್ಚಿಕೊಂಡಿರುತ್ತವೆ, ಆದರೆ ನೀರು ಗೋಡೆ ದಾಟಿ ಹೊರಗೆ ಬರುವುದಿಲ್ಲ. ‘ಉಸಿರಾಡುವ ಮಣ್ಣು’ ಅನ್ನುವವರು ಹೇಳುವುದು ಈ ತೂತುಗಳ ಬಗ್ಗೆಯೇ. ಉಸಿರು ಗಿಸಿರು ಏನೂ ಇಲ್ಲ. ಹತ್ತು ಹದಿನೈದು ಸೆಕೆಂಡ್ ಒಳಗಿರುವ ಟೀಗೆ ಗೋಡೆಯ ಮೂಲಕ ಗಾಳಿ ಆಡುವುದರಿಂದ ಏನಾಗಬೇಕು, ನೀವೇ ಹೇಳಿ. ಮುಚ್ಚಳದಲ್ಲೇ ಗಾಳಿಗೆ ಅಂತ ಒಂದು ತೂತು ಇದೆ!

ಇಷ್ಟು ಚಿಕ್ಕ ಟೀಪಾಟ್ ಯಾಕೆ ಬಂತು? ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಸೊಂಗ್ ರಾಜರ ಕಾಲದಲ್ಲಿ ಚೀನಾದ ದೊಡ್ಡ ಮನೆಗಳಲ್ಲಿ ಟೀ ಅಂದರೆ ಅಚ್ಚು ಹಾಕಿದ ಬಿಲ್ಲೆಯನ್ನು ಪುಡಿ ಮಾಡಿ ಬಟ್ಟಲಿನಲ್ಲಿ ನೊರೆ ಬರುವಂತೆ ಕಡೆಯುವುದು. 1391ರಲ್ಲಿ ಮಿಂಗ್ ವಂಶದ ಮೊದಲ ದೊರೆ ಹೊಂಗ್‌ವು, ಕಾಣಿಕೆಯಾಗಿ ಬಿಲ್ಲೆ ಟೀ ಬೇಡ, ಬಿಡಿ ಎಲೆ ಕಳಿಸಿದರೆ ಸಾಕು ಅಂತ ಅಪ್ಪಣೆ ಮಾಡಿದ. ಬಿಲ್ಲೆ ಮಾಡಲು ಜನ ಪಡುತ್ತಿದ್ದ ಪಾಡು ನೋಡಿ ಹಾಗೆ ಮಾಡಿದ ಅನ್ನುತ್ತಾರೆ. ಬಿಡಿ ಎಲೆ ಬಂದ ಮೇಲೆ ಎಲೆಯನ್ನು ನೆನೆಸಿ ಸೋಸುವ ಪಾತ್ರೆ ಬೇಕಾಯಿತು. ಟೀಪಾಟ್‌ಗೆ ನಿಜವಾದ ಕೆಲಸ ಹುಟ್ಟಿದ್ದು ಆಗ.

ಯಿಶಿಂಗ್‌ನ ಮೊದಲ ಹೆಸರಾಂತ ಕೈಗಾರ ಗೊಂಗ್ ಚುನ್ ಅಂತ ಕಥೆ. ಹದಿನಾರನೇ ಶತಮಾನದ ಮೊದಲ ಭಾಗ. ಅವನು ಒಬ್ಬ ವಿದ್ವಾಂಸನ ಮನೆಯಾಳು. ಯಜಮಾನ ಪರೀಕ್ಷೆಗೆ ಓದಿಕೊಳ್ಳಲು ಜಿನ್‌ಶಾ ಅನ್ನುವ ದೇವಾಲಯದಲ್ಲಿ ಉಳಿದಿದ್ದಾಗ, ಅಲ್ಲಿನ ಮುದುಕ ಸನ್ಯಾಸಿ ಟೀಪಾಟ್ ಮಾಡುವುದನ್ನು ಇವನು ಕದ್ದು ನೋಡಿ ಕಲಿತನಂತೆ. ಸನ್ಯಾಸಿ ಕೈ ತೊಳೆದ ನೀರಿನ ತಳದಲ್ಲಿ ಉಳಿದ ಮಣ್ಣನ್ನೇ ತೆಗೆದು, ಮರದ ಗಂಟಿನ ಆಕಾರದ ಒಂದು ಟೀಪಾಟ್ ಮಾಡಿದನಂತೆ. ಎಷ್ಟು ನಿಜವೋ, ಕಥೆ ಮಾತ್ರ ಚೆನ್ನಾಗಿದೆ. ಅವನ ನಂತರ ಬಂದ ಶಿ ದಾಬಿನ್ ಬಗ್ಗೆ ಗಟ್ಟಿ ದಾಖಲೆ ಇದೆ. ಅವನು ಮೊದಲು ದೊಡ್ಡ ಟೀಪಾಟ್‌ಗಳನ್ನೇ ಮಾಡುತ್ತಿದ್ದ, ಟೀ ಬಗ್ಗೆ ತಲೆ ಕೆಡಿಸಿಕೊಂಡಿದ್ದ ವಿದ್ವಾಂಸರ ಮಾತು ಕೇಳಿದ ಮೇಲೆ ಚಿಕ್ಕವಕ್ಕೆ ತಿರುಗಿದ. ನನಗೆ ಇಡೀ ಇತಿಹಾಸದಲ್ಲಿ ಬಹಳ ಮುಖ್ಯ ಅನ್ನಿಸುವ ಸಂಗತಿ ಇದು. ಅವನ ಕೈಗೆ ಹೊಸ ಮಣ್ಣೇನೂ ಸಿಕ್ಕಿರಲಿಲ್ಲ. ಕುಡಿಯುವವರು ‘ಚಿಕ್ಕದರಲ್ಲಿ ಪರಿಮಳ ಚದುರುವುದಿಲ್ಲ’ ಅಂದರು, ಅವನು ಗಾತ್ರ ಬದಲಿಸಿದ.

ಆಮೇಲೆ ದಕ್ಷಿಣದಲ್ಲಿ, ಗುವಾಂಗ್‌ಡಾಂಗ್‌ನ ಚಾವ್‌ಝೌ ಕಡೆ, ಚಿಕ್ಕ ಟೀಪಾಟ್, ಅದಕ್ಕಿಂತ ಚಿಕ್ಕ ಬಟ್ಟಲು, ತುಂಬಾ ಎಲೆ, ಕುದಿಯುವ ನೀರು ಸೇರಿದ ಪದ್ಧತಿ ಬೆಳೆಯಿತು. ಗೊಂಗ್‌ಫು ಚಹಾ ಅನ್ನುತ್ತಾರೆ. ಅಲ್ಲಿ ಚಿಕ್ಕ ಟೀಪಾಟ್‌ಗೆ ಇವತ್ತಿಗೂ ‘ಮೆಂಗ್‌ಚೆನ್’ ಅಂತ ಹೆಸರಿದೆ, ಹುಯಿ ಮೆಂಗ್‌ಚೆನ್ ಅನ್ನುವ ಯಿಶಿಂಗ್ ಕೈಗಾರನ ಹೆಸರು ಅದು. ಹದಿನೇಳನೇ ಶತಮಾನದಲ್ಲಿ ಟೀ ಜೊತೆ ಈ ಕೆಂಪು ಟೀಪಾಟ್‌ಗಳು ಯುರೋಪಿಗೂ ಹೋದವು. ಡಚ್ಚರು ಡೆಲ್ಫ್ಟ್‌ನಲ್ಲಿ, ಇಂಗ್ಲಿಷರು ಸ್ಟಾಫರ್ಡ್‌ಶೈರ್‌ನಲ್ಲಿ ನಕಲು ಮಾಡಿದರು. ಜರ್ಮನಿಯಲ್ಲಿ ಬಾಟ್‌ಗರ್ ಅನ್ನುವವನು ಯುರೋಪಿನ ಮೊದಲ ಗಟ್ಟಿ ಪಿಂಗಾಣಿ ಮಾಡುವ ಹೊತ್ತಿಗೇ ಕೆಂಪು ಮಣ್ಣಿನ ಪಾತ್ರೆಯನ್ನೂ ಮಾಡಿದ್ದ.

ಈಗ ತಯಾರಿಕೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ‘ಕೈಯಲ್ಲಿ ಮಾಡಿದ್ದು’ ಅಂದ ಕೂಡಲೇ ನಮಗೆಲ್ಲ ಕಣ್ಣ ಮುಂದೆ ಬರುವುದು ಕುಂಬಾರರ ತಿಗರಿ. ಯಿಶಿಂಗ್‌ನಲ್ಲಿ ಟೀಪಾಟ್‌ನ ಮೈಯನ್ನು ತಿಗರಿಯ ಮೇಲೆ ಎತ್ತುವುದಿಲ್ಲ. ಈ ಮಣ್ಣಿನಲ್ಲಿ ಮರಳಿನಂಥ ಕಣ ಜಾಸ್ತಿ, ಅದು ತಿಗರಿಯಲ್ಲಿ ಸಲೀಸಾಗಿ ಏಳುವುದಿಲ್ಲ. ಆದರೆ ಬಡಿದು ಹಲಗೆ ಮಾಡಿದರೆ ಅದೇ ಕಣಗಳ ಬಲದಿಂದ ನೆಟ್ಟಗೆ ನಿಲ್ಲುತ್ತದೆ.

ಕೈಗಾರ ಮಣ್ಣಿನ ಮುದ್ದೆ ತೆಗೆದುಕೊಂಡು ಮರದ ಭಾರವಾದ ಕೊಡತಿಯಿಂದ ಬಡಿದು ಬಡಿದು ಕೆಲವೇ ಮಿಲಿಮೀಟರ್ ದಪ್ಪದ ಹಲಗೆ ಮಾಡುತ್ತಾನೆ. ಎಲ್ಲ ಕಡೆ ಒಂದೇ ದಪ್ಪ ಇರಬೇಕು. ಅದರಿಂದ ಉದ್ದನೆಯ ಒಂದು ಪಟ್ಟಿ, ತಳಕ್ಕೆ ಮತ್ತು ಮೇಲಕ್ಕೆ ಎರಡು ಬಿಲ್ಲೆ ಕತ್ತರಿಸುತ್ತಾನೆ. ಪಟ್ಟಿಯನ್ನು ಸುತ್ತಿ ಎರಡು ತುದಿಗಳನ್ನು ನೀರಾದ ಅದೇ ಮಣ್ಣಿನಿಂದ ಅಂಟಿಸಿದರೆ ಒಂದು ಕೊಳವೆ ಆಗುತ್ತದೆ. ಇಲ್ಲಿಂದ ಮುಂದಿನದು ನೋಡಬೇಕು. ಎಡಗೈ ಬೆರಳುಗಳು ಕೊಳವೆಯ ಒಳಗೆ, ಗೋಡೆಗೆ ಒತ್ತಾಗಿ. ಬಲಗೈಯಲ್ಲಿ ಮರದ ತೆಳು ಹಲಗೆ. ಕೊಳವೆಯನ್ನು ಚಿಕ್ಕ ತಿರುಗುಮಣೆಯ ಮೇಲಿಟ್ಟು ತಿರುಗಿಸುತ್ತಾ ಹೊರಗಿನಿಂದ ಟಪ್ ಟಪ್ ಅಂತ ತಟ್ಟುತ್ತಾ ಹೋದರೆ, ನೆಟ್ಟಗಿದ್ದ ಗೋಡೆ ಮೇಲಿನ ಅಂಚಿನಲ್ಲಿ ಒಳಕ್ಕೆ ಬಾಗುತ್ತಾ ಬರುತ್ತದೆ. ಬಾಯಿ ಬೇಕಾದಷ್ಟು ಕಿರಿದಾದಾಗ ಬಿಲ್ಲೆ ಅಂಟಿಸಿ ಮುಚ್ಚುತ್ತಾನೆ, ತಲೆಕೆಳಗು ಮಾಡಿ ಇನ್ನೊಂದು ಕಡೆಯೂ ಹಾಗೇ. ಎರಡೂ ಕಡೆ ಮುಚ್ಚಿದ, ಒಳಗೆ ಗಾಳಿ ತುಂಬಿದ ಒಂದು ಗುಂಡು ಸಿಗುತ್ತದೆ. ಆ ಗಾಳಿಯೇ ಗೋಡೆ ಒಳಕ್ಕೆ ಕುಸಿಯದಂತೆ ಹಿಡಿದಿರುವುದರಿಂದ ಈಗ ಅವನು ಧೈರ್ಯವಾಗಿ ತಟ್ಟಿ ಆಕಾರ ತಿದ್ದಬಹುದು. ಬಾಯಿ ಕೊರೆಯುವುದು ಕೊನೆಯ ಹೊತ್ತಿಗೆ. ಮೂತಿ, ಹಿಡಿ, ಮುಚ್ಚಳ ಬೇರೆ ಬೇರೆ ಮಾಡಿ ಜೋಡಿಸುತ್ತಾನೆ.

ಮೇಲ್ಮೈ ನಯ ಮಾಡಲು ಎಮ್ಮೆ ಕೋಣದ ಕೊಂಬನ್ನು ಹೆರೆದು ಮಾಡಿದ ತೆಳ್ಳಗಿನ ಪಟ್ಟಿ ಬಳಸುತ್ತಾರೆ, ಮಿಂಗ್‌ಝೆನ್ ಅಂತ ಅದರ ಹೆಸರು. ನೀರಿನಲ್ಲಿ ನೆನೆಸಿಟ್ಟರೆ ಅದು ಬಾಗುವಷ್ಟು ಮೆತ್ತಗಾಗುತ್ತದೆ. ಅದನ್ನು ಮಣ್ಣಿನ ಮೈಮೇಲೆ ಎಳೆಯುತ್ತಾ ಹೋದರೆ ದಪ್ಪ ಕಣಗಳು ಒಳಕ್ಕೆ ಕೂತು, ನುಣ್ಣನೆಯ ಮಣ್ಣು ಮೇಲೆ ಬರುತ್ತದೆ. ಈ ಜಿನಿ ಟೀಪಾಟ್‌ನ ಹೊಟ್ಟೆಯ ಮೇಲೆ ಬೆರಳಾಡಿಸಿ. ನುಣುಪಾಗಿದೆ. ಈಗ ಮುಚ್ಚಳ ತೆಗೆದು ಒಳಗೋಡೆ ಮುಟ್ಟಿ. ತರಿ ತರಿ. ಮಣ್ಣು ಒಂದೇ, ಕೊಂಬಿನ ಪಟ್ಟಿ ಒಳಗೆ ಹೋಗಿಲ್ಲ, ಅಷ್ಟೇ ವ್ಯತ್ಯಾಸ.

ಮುಚ್ಚಳದ ವಿಷಯ ಹೇಳುತ್ತೇನೆ ಅಂದಿದ್ದೆ. ಸುಟ್ಟಾಗ ಮಣ್ಣು ಕುಗ್ಗುತ್ತದೆ. ಹಾಗಾಗಿ ಮುಚ್ಚಳವನ್ನು ಅದರದೇ ಮೈಯ ಮೇಲೆ ಕೂರಿಸಿಯೇ ಸುಡುತ್ತಾರೆ, ಎರಡೂ ಒಟ್ಟಿಗೆ ಕುಗ್ಗಲಿ ಅಂತ. ಆಮೇಲೆ ಅಂಚನ್ನು ಸ್ವಲ್ಪ ಉಜ್ಜಿ ಸರಿ ಮಾಡುತ್ತಾರೆ. ಅದಕ್ಕೇ ಒಂದರ ಮುಚ್ಚಳ ಇನ್ನೊಂದಕ್ಕೆ ಕೂರುವುದಿಲ್ಲ. ಹಿಂದೆ ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ ಉದ್ದನೆಯ ಡ್ರ್ಯಾಗನ್ ಭಟ್ಟಿಗಳಲ್ಲಿ ಸುಡುತ್ತಿದ್ದರು. ದಿಂಗ್‌ಶುವಿನ ಚಿಯಾನ್‌ಶು ಎಂಬಲ್ಲಿ ಮಿಂಗ್ ಕಾಲದ ಅಂಥ ಒಂದು ಭಟ್ಟಿ ಇನ್ನೂ ಉರಿಯುತ್ತದೆ. ಉಳಿದವರೆಲ್ಲ ಗ್ಯಾಸ್, ಕರೆಂಟಿಗೆ ಬಂದಿದ್ದಾರೆ. ಅದರಿಂದ ಟೀ ಕೆಟ್ಟಿಲ್ಲ.

ಪೂರ್ತಿ ಕೈಕೆಲಸ, ಅರ್ಧ ಕೈಕೆಲಸ ಅಂತ ಎರಡು ಇದೆ. ಅರ್ಧ ಅಂದರೆ ಕೊಳವೆ ಮಾಡುವವರೆಗೆ ಕೈ, ಆಮೇಲೆ ಪ್ಲಾಸ್ಟರ್ ಅಚ್ಚಿನೊಳಗೆ ಇಟ್ಟು ಒಳಗಿನಿಂದ ಒತ್ತಿ ಆಕಾರ ಕೊಡುವುದು. ಮೂರನೆಯದು ಮಣ್ಣನ್ನು ನೀರಾಗಿಸಿ ಅಚ್ಚಿಗೆ ಸುರಿಯುವುದು, ಅದರ ಗೋಡೆ ಸಡಿಲ, ಬೆಲೆಯೂ ಕಡಿಮೆ. ಒಳಗೆ ಹಿಡಿಯ ಕಡೆ ಉದ್ದಕ್ಕೆ ಒಂದು ಜೋಡಣೆಯ ಗೆರೆ ಕಂಡರೆ ಅದು ಪೂರ್ತಿ ಕೈಕೆಲಸ ಅಂತ ವ್ಯಾಪಾರಿಗಳು ಹೇಳುತ್ತಾರೆ. ಪಟ್ಟಿಯ ತುದಿಗಳು ಸೇರುವ ಜಾಗವನ್ನು ಹಿಡಿಯ ಹಿಂದೆ ಬಚ್ಚಿಡುವುದು ರೂಢಿ, ನಿಜ. ಆದರೆ ಅರ್ಧ ಕೈಕೆಲಸದ್ದಕ್ಕೂ ಆ ಗೆರೆ ಬರುತ್ತದೆ, ಅದೂ ಕೊಳವೆಯಿಂದಲೇ ಶುರುವಾಗಿದ್ದಲ್ವಾ. ಬೇಕು ಅಂತಲೇ ಗೆರೆ ಎಳೆಯುವವರೂ ಇದ್ದಾರೆ. ಇಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ: ಟೀ ಮಾಡುವ ದೃಷ್ಟಿಯಿಂದ ಚೆನ್ನಾಗಿ ಮಾಡಿದ ಅರ್ಧ ಕೈಕೆಲಸದ ಟೀಪಾಟ್ ಪೂರ್ತಿ ಕೈಕೆಲಸದ್ದಕ್ಕೆ ಯಾವುದರಲ್ಲೂ ಕಡಿಮೆ ಇಲ್ಲ. ಬಟ್ಟಲಿಗೆ ಬಿದ್ದ ಟೀ ಕುಡಿದು ಯಾವುದು ಯಾವುದು ಅಂತ ಹೇಳುವವರನ್ನು ನಾನು ಕಂಡಿಲ್ಲ. ಪೂರ್ತಿ ಕೈಕೆಲಸಕ್ಕೆ ಹೆಚ್ಚು ದುಡ್ಡು ಕೊಡುವುದಾದರೆ ಆ ಕೈಗೆ ಕೊಡಿ, ಆ ಆಕಾರದ ಅಂದಕ್ಕೆ ಕೊಡಿ. ರುಚಿಗೆ ಅಂತ ಕೊಡಬೇಡಿ.

ಹಾಗಾದರೆ ಟೀಗೆ ಏನು ಲಾಭ?

ಮೊದಲನೆಯದು ಬಿಸಿ. ಊಲಾಂಗ್ (ಹಸಿರು ಟೀಗೂ ಕಪ್ಪು ಟೀಗೂ ನಡುವಿನದು), ಪುಅರ್ (ಚೀನಾದ ಯುನ್ನಾನ್‌ನ, ಹಳೆಯದಾಗಿಸಿ ಕುಡಿಯುವ ಟೀ) ಥರದ ಟೀಗಳಿಗೆ ಕುದಿಯುವ ನೀರು ಬೇಕು, ಇಳಿಯುವಷ್ಟು ಹೊತ್ತೂ ಆ ಬಿಸಿ ನಿಲ್ಲಬೇಕು. 120 ಮಿಲಿ ನೀರು ಬಲು ಬೇಗ ಆರುತ್ತದೆ. ಅದರಲ್ಲೂ ತಣ್ಣಗಿರುವ ಟೀಪಾಟ್‌ಗೆ ಸುರಿದರೆ ಗೋಡೆಯೇ ಮೊದಲು ಬಿಸಿಯನ್ನು ಕುಡಿದುಬಿಡುತ್ತದೆ. ಅದಕ್ಕೇ ಮೊದಲು ಬಿಸಿನೀರು ಹಾಕಿ ಚೆಲ್ಲುವುದು, ಮುಚ್ಚಿದ ಮೇಲೆ ಹೊರಗಿನಿಂದಲೂ ಬಿಸಿನೀರು ಸುರಿಯುವುದು. ನೋಡಲು ಪೂಜೆಯಂತೆ ಕಾಣುತ್ತದೆ, ಆದರೆ ಪ್ರತಿಯೊಂದಕ್ಕೂ ಕಾರಣ ಇದೆ. ದಪ್ಪ ಗೋಡೆಯದು ಒಮ್ಮೆ ಕಾದರೆ ಬಿಸಿ ಹಿಡಿದಿಡುತ್ತದೆ, ಹಳೆಯ ಪುಅರ್‌ಗೆ ಒಳ್ಳೆಯದು. ತೆಳು ಗೋಡೆಯದು ತಾನು ಬಿಸಿ ತಿನ್ನುವುದಿಲ್ಲ, ಬೇಗ ಆರುತ್ತದೆ, ಬೇಗ ಬಗ್ಗಿಸಿದರೆ ಪರಿಮಳದ ಟೀಗೆ ಚೆನ್ನ. ದುಂಡಗಿನದಕ್ಕೆ ಹೊರಮೈ ಕಡಿಮೆ, ಬಿಸಿ ಉಳಿಯುತ್ತದೆ. ಚಪ್ಪಟೆಯದು ಬೇಗ ಆರುತ್ತದೆ.

ಹಸಿರು ಟೀಗೆ ಇದೇ ಗುಣ ತೊಂದರೆ. ಎಳೆ ಚಿಗುರು ಅಷ್ಟು ಬಿಸಿಯಲ್ಲಿ ಕೂತರೆ ಬೆಂದ ಸೊಪ್ಪಿನ ವಾಸನೆ ಬರುತ್ತದೆ. ಹಸಿರು ಟೀಗೆ ಗಾಜಿನ ಲೋಟ ಸಾಕು, ಚೀನಾದಲ್ಲೇ ಎಷ್ಟೋ ಜನ ಹಾಗೆ ಕುಡಿಯುತ್ತಾರೆ.

ಎರಡನೆಯದು ಎಲೆಗೆ ಜಾಗ. ತಿಯೆಗುವಾನ್‌ಯಿನ್ ಥರದ ಊಲಾಂಗ್ ಕಾಳಿನಂತೆ ಉಂಡೆ ಕಟ್ಟಿರುತ್ತದೆ, ನೆಂದರೆ ಟೀಪಾಟ್ ತುಂಬುವಷ್ಟು ಅರಳುತ್ತದೆ. ಅದಕ್ಕೆ ದುಂಡು ಹೊಟ್ಟೆ ಬೇಕು. ವುಯಿ ಬೆಟ್ಟದ ಬಂಡೆ ಟೀ ಉದ್ದಕ್ಕೆ ಹೊಸೆದ ಎಲೆ, ಅದಕ್ಕೆ ಅಗಲ ಬಾಯಿ ಇದ್ದರೆ ಎಲೆ ಮುರಿಯದೆ ಒಳಗೆ ಹೋಗುತ್ತದೆ. ಎಲೆ ಪುಡಿಯಾದರೆ ಟೀ ಒಗರಾಗುತ್ತದೆ, ಮೂತಿಯ ಬಾಯಿಯೂ ಕಟ್ಟಿಕೊಳ್ಳುತ್ತದೆ. ಇಂಥ ಚಿಕ್ಕ ವಿಷಯವೇ ಕೊನೆಗೆ ರುಚಿ ತೀರ್ಮಾನ ಮಾಡುವುದು.

ಮೂರನೆಯದು ಸುರಿಯುವ ವೇಗ. ನನಗೆ ಕೇಳಿದರೆ ಇದೇ ದೊಡ್ಡದು, ಯಾರೂ ಮಾತಾಡುವುದಿಲ್ಲ. ಆರೇಳು ಗ್ರಾಂ ಎಲೆಗೆ ಮೊದಲ ಸಲ ನೀರು ಹಾಕಿ ಹತ್ತು ಹನ್ನೆರಡು ಸೆಕೆಂಡಿಗೆ ಬಗ್ಗಿಸಬೇಕು ಅಂದುಕೊಳ್ಳಿ. ಖಾಲಿಯಾಗಲು ನಿಮ್ಮ ಟೀಪಾಟ್ ಇಪ್ಪತ್ತೈದು ಸೆಕೆಂಡ್ ತೆಗೆದುಕೊಂಡರೆ? ಕೊನೆಯ ಹನಿ ಬರುವಷ್ಟರಲ್ಲಿ ಒಳಗಿರುವ ಟೀ ಲೆಕ್ಕಕ್ಕಿಂತ ಮೂರು ಪಟ್ಟು ಹೊತ್ತು ನೆಂದಿರುತ್ತದೆ. ಕಹಿಯಾಯಿತು, ಟೀ ಸರಿ ಇಲ್ಲ ಅಂತ ಎಲೆಯನ್ನು ಬೈಯುತ್ತೇವೆ. ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿಯಾಗುವ ಟೀಪಾಟ್ ಇರಲಿ. ಮೂತಿ ಹೊಟ್ಟೆಗೆ ಸೇರುವ ಜಾಗದಲ್ಲಿ ಹಳೆಯ ಮಾದರಿಗೆ ಒಂದೇ ತೂತು ಇರುತ್ತದೆ, ಎಲೆ ಅಡ್ಡ ಬಂದರೆ ನಿಂತೇ ಹೋಗುತ್ತದೆ. ಈಚಿನವಕ್ಕೆ ಹಲವು ಸಣ್ಣ ತೂತು, ಇಲ್ಲವೇ ಒಳಕ್ಕೆ ಉಬ್ಬಿದ ಅರ್ಧ ಗೋಲದಂಥ ಜರಡಿ. ಶುದ್ಧವಾದಿಗಳು ಜರಡಿಯನ್ನು ಬೈಯುತ್ತಾರೆ. ಬೈಯಲಿ ಬಿಡಿ, ನನಗೆ ಅದೇ ಅನುಕೂಲ.

ಮುಚ್ಚಳದ ತೂತಿಗೆ ಬೆರಳಿಟ್ಟರೆ ಸುರಿಯುವ ನೀರು ಟಕ್ಕನೆ ನಿಲ್ಲುತ್ತದೆ, ನೋಡಿ. ಅಂದರೆ ಮುಚ್ಚಳ ಅಷ್ಟು ಸರಿಯಾಗಿ ಕೂತಿದೆ, ಗಾಳಿ ಒಳಗೆ ಹೋಗಲು ಬೇರೆ ದಾರಿ ಇಲ್ಲ. ಅಂಗಡಿಯಲ್ಲಿ ಎಲ್ಲರೂ ತೋರಿಸುವ ಆಟ ಇದು. ಕೈಕೆಲಸದ ಅಚ್ಚುಕಟ್ಟಿಗೆ ಒಳ್ಳೆಯ ಗುರುತೇ. ಆದರೆ ನೀರು ನಿಲ್ಲದ ಟೀಪಾಟ್‌ನಲ್ಲೂ ಚೆನ್ನಾಗಿ ಟೀ ಆಗುತ್ತದೆ, ಅದಕ್ಕಾಗಿ ಬೇಡ ಅನ್ನಬೇಡಿ.

ಈಗ ಮಣ್ಣು. ನನಗೆ ಕಂಡಿದ್ದನ್ನು ಹೇಳುತ್ತೇನೆ. ಗ್ಲೇಜ್ ಇಲ್ಲದ, ಸಣ್ಣ ತೂತುಗಳಿರುವ ಮೈ ಟೀಯ ಕೆಲವು ಅಂಶಗಳನ್ನು ತನ್ನ ಮೇಲೆ ಹಿಡಿದುಕೊಳ್ಳುತ್ತದೆ. ಅಂದರೆ ಮಣ್ಣು ಸಾಮಾನ್ಯವಾಗಿ ಏನನ್ನೋ ಕೂಡಿಸುವುದಕ್ಕಿಂತ ಕಳೆಯುತ್ತದೆ. ಒಗರಿನ ಚೂಪು ಕಡಿಮೆಯಾಗಿ ಟೀ ಮೆತ್ತಗಾಗುತ್ತದೆ, ಜೊತೆಗೆ ಮೇಲುಮೇಲಿನ ಹೂವಿನ ಪರಿಮಳವೂ ಸ್ವಲ್ಪ ಹೋಗುತ್ತದೆ. ತರಿ ಜಾಸ್ತಿ ಇರುವ ಜಿನಿ, ದುವಾನ್‌ನಿಯಲ್ಲಿ ಇದು ಹೆಚ್ಚು, ಗಟ್ಟಿಯಾಗಿ ಬೆಸೆದ ಝುನಿಯಲ್ಲಿ ಕಡಿಮೆ. ಹಾಗಾಗಿಯೇ ಅನುಭವಿಗಳು ಪುಅರ್‌ಗೆ, ಹೆಚ್ಚು ಹುರಿದ ಊಲಾಂಗ್‌ಗೆ ಜಿನಿ, ಪರಿಮಳದ ಊಲಾಂಗ್‌ಗೆ ಝುನಿ ಅನ್ನುವುದು. ಚೂಪಾಗಿರುವ, ಅಗ್ಗದ ಪುಅರ್ ಜಿನಿಯಲ್ಲಿ ಸುಧಾರಿಸಿದಂತೆ ಅನ್ನಿಸುವುದು ಸುಳ್ಳಲ್ಲ. ಆದರೆ ಅದೇ ಟೀಪಾಟ್‌ಗೆ ದುಬಾರಿ ಡಾರ್ಜಿಲಿಂಗ್ ಮೊದಲ ಕೊಯ್ಲು ಹಾಕಿದರೆ ನೀವು ದುಡ್ಡು ಕೊಟ್ಟ ಪರಿಮಳವನ್ನೇ ಅದು ತಿಂದುಹಾಕುತ್ತದೆ. ಡಾರ್ಜಿಲಿಂಗ್‌ಗೆ ಪಿಂಗಾಣಿಯೇ ಸರಿ.

ನನ್ನನ್ನು ನಂಬಬೇಡಿ, ಮನೆಯಲ್ಲೇ ನೋಡಿ. ಒಂದೇ ಟೀ, ಒಂದೇ ಕೆಟಲ್ ನೀರು, ಅಷ್ಟೇ ತೂಕ, ಅಷ್ಟೇ ಸೆಕೆಂಡ್. ಒಂದು ಟೀಪಾಟ್‌ನಲ್ಲಿ, ಇನ್ನೊಂದು ಗಾಯ್‌ವಾನ್‌ನಲ್ಲಿ, ಅಂದರೆ ಮುಚ್ಚಳ ಇರುವ ಪಿಂಗಾಣಿ ಬಟ್ಟಲಿನಲ್ಲಿ. ಒಂದೇ ಥರದ ಲೋಟಕ್ಕೆ ಬೇರೆಯವರು ಸುರಿದು ಕೊಡಲಿ, ನೀವು ಬೆನ್ನು ಹಾಕಿ ಕೂತಿರಿ. ವ್ಯತ್ಯಾಸ ಸಿಗುತ್ತದೆ, ಆದರೆ ನಿಮ್ಮ ಮನೆಯ ನೀರು ಬದಲಿಸಿದರೆ ಆಗುವ ವ್ಯತ್ಯಾಸ ಇದಕ್ಕಿಂತ ಎಷ್ಟೋ ದೊಡ್ಡದು. ಬೆಂಗಳೂರಿನಲ್ಲಿ ಬೋರ್‌ವೆಲ್ ನೀರು ಕುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟೀಪಾಟ್‌ಗೆ ಸಾವಿರಾರು ರೂಪಾಯಿ ಹಾಕುವ ಮೊದಲು ನೀರು ಸರಿ ಮಾಡಿಕೊಳ್ಳಿ.

ಬೆಲೆಯ ಮಾತು ಬಂತು. ಗು ಜಿಂಗ್‌ಝೌ ಅಂತ ಒಬ್ಬರು, 1915ರಿಂದ 1996ರವರೆಗೆ ಬಾಳಿದವರು, ಇಪ್ಪತ್ತನೇ ಶತಮಾನದ ಯಿಶಿಂಗ್‌ನಲ್ಲಿ ಅವರಷ್ಟು ದೊಡ್ಡ ಹೆಸರು ಇನ್ನೊಂದಿಲ್ಲ. ಅವರು 1948ರಲ್ಲಿ ಮಾಡಿ, ವು ಹುಫಾನ್ ಅನ್ನುವ ಚಿತ್ರಕಾರ ಬಿದಿರಿನ ಚಿತ್ರ ಬರೆದ ಒಂದು ಟೀಪಾಟ್ 2010ರಲ್ಲಿ ಬೀಜಿಂಗ್ ಹರಾಜಿನಲ್ಲಿ 1 ಕೋಟಿ 23 ಲಕ್ಷ ಯುವಾನ್ ದಾಟಿತು. ಇದೇ ಗು ಜಿಂಗ್‌ಝೌ 1930ರ ದಶಕದಲ್ಲಿ, ಯುವಕರಾಗಿದ್ದಾಗ, ಶಾಂಘಾಯ್‌ನ ಹಳೇ ವಸ್ತುಗಳ ವ್ಯಾಪಾರಿಯೊಬ್ಬರ ಬಳಿ ಮಿಂಗ್, ಚಿಂಗ್ ಕಾಲದ ಟೀಪಾಟ್‌ಗಳ ನಕಲು ಮಾಡುವ ಕೆಲಸದಲ್ಲಿದ್ದರು. ಈಗ ಅವರ ಮುದ್ರೆಯನ್ನೇ ನಕಲು ಮಾಡುತ್ತಾರೆ. ನನಗೆ ಇಷ್ಟವಾದವರು ಬೇರೆ, ಜಿಯಾಂಗ್ ರೊಂಗ್ ಅನ್ನುವ ಹೆಣ್ಣುಮಗಳು. ತಾವರೆ ಎಲೆ, ಕಪ್ಪೆ, ಕಾಯಿ ಪಲ್ಲೆಗಳನ್ನು ಟೀಪಾಟ್ ಮಾಡಿದವರು. ಟೀಗೆ ಅವು ಅಷ್ಟೇನೂ ಅನುಕೂಲ ಅಲ್ಲ, ಆದರೆ ಆ ಕಪ್ಪೆಯನ್ನು ನೋಡಿದರೆ ಸಾಕು!

ಚೀನಾದಲ್ಲಿ ಕೈಗಾರರಿಗೆ ಸರ್ಕಾರ ದರ್ಜೆ ಕೊಡುತ್ತದೆ, ದರ್ಜೆ ಏರಿದಂತೆ ಅವರ ಟೀಪಾಟ್ ಬೆಲೆ ಏರುತ್ತದೆ. ಶಿಷ್ಯರು ಮಾಡಿದ್ದಕ್ಕೆ ಗುರುವಿನ ಮುದ್ರೆ ಒತ್ತುತ್ತಾರೆ ಅನ್ನುವ ದೂರು ಅಲ್ಲಿ ಹೊಸದಲ್ಲ. 2010ರಲ್ಲಿ ಅಲ್ಲಿನ ಸರ್ಕಾರಿ ಟೀವಿಯೇ, ಸಾಮಾನ್ಯ ಮಣ್ಣಿಗೆ ಬಣ್ಣ ಬರಲು ಮ್ಯಾಂಗನೀಸ್ ಥರದ ರಾಸಾಯನಿಕ ಸೇರಿಸಿ ‘ಜಿಶಾ’ ಅಂತ ಮಾರುವುದನ್ನು ತೋರಿಸಿತು. ಹಾಗಾಗಿ ಕಡುನೀಲಿ, ಗಿಳಿಹಸಿರು ಬಣ್ಣದ್ದು ಕಂಡರೆ ಮುಂದೆ ನಡೆಯಿರಿ. ಬಿಸಿನೀರು ಹಾಕಿ ಮೂಸಿ, ರಾಸಾಯನಿಕದ ವಾಸನೆಯೋ ಪಾಲಿಶ್ ವಾಸನೆಯೋ ಬಂದರೆ ಬೇಡ.

ಆಮೇಲೆ ಪ್ರಶ್ನೆಗಳು ಬಂದವು. ಕೆಲವನ್ನು ಇಲ್ಲಿ ಹಾಕುತ್ತೇನೆ.

ಹಿರಿಯರೊಬ್ಬರು ಕೇಳಿದರು: “ಹಳೇ ಟೀಪಾಟ್‌ಗೆ ಬರೀ ಬಿಸಿನೀರು ಹಾಕಿದರೂ ಟೀ ಆಗುತ್ತದಂತೆ, ಹೌದೇನ್ರೀ?” ಬಣ್ಣ ಸ್ವಲ್ಪ ಬಂದೀತು ಸಾರ್, ಆದರೆ ಅದನ್ನು ಟೀ ಅನ್ನಲಾರೆ. ಟೀಯ ಕಲೆ ಒಳಗೆ ಪದರ ಕಟ್ಟಿದರೆ ಆಗುವುದು ಅದು. ಹೊರಗೆ ಮಾತ್ರ ನಿಜವಾಗಿ ಅಂದ ಬರುತ್ತದೆ. ವರ್ಷಗಟ್ಟಲೆ ಬಳಸಿ, ಬಿಸಿ ಇರುವಾಗಲೇ ಬಟ್ಟೆಯಿಂದ ಒರೆಸುತ್ತಾ ಬಂದರೆ ಮಂಕು ಮಣ್ಣಿಗೆ ಒಳಗಿನಿಂದ ಬಂದಂಥ ಹೊಳಪು ಏರುತ್ತದೆ. ಚೀನಿಯರು ಇದನ್ನು ಟೀಪಾಟ್ ಸಾಕುವುದು ಅನ್ನುತ್ತಾರೆ. ಬೇಗ ಹೊಳಪು ಬರಲಿ ಅಂತ ಎಣ್ಣೆ ಸವರುವವರಿದ್ದಾರೆ. ಮೂರು ದಿನಕ್ಕೆ ಕಮಟು ವಾಸನೆ ಗ್ಯಾರಂಟಿ.

“ಸೋಪು ಹಾಕಬಾರದಾ?” ಬೇಡ. ಸೋಪಿನ ಪರಿಮಳ ತೂತುಗಳಲ್ಲಿ ಕೂತುಬಿಡುತ್ತದೆ. ಬಿಸಿನೀರಲ್ಲಿ ತೊಳೆದು, ಮುಚ್ಚಳ ತೆಗೆದು ಒಣಗಲು ಬಿಡಿ. ಮುಚ್ಚಳ ಹಾಕಿ ಇಟ್ಟರೆ ಮಲೆನಾಡಿನ ಮಳೆಗಾಲದಲ್ಲಿ ಎರಡೇ ದಿನಕ್ಕೆ ಬೂಸ್ಟು. ಬಂದರೂ ಹೆದರಬೇಡಿ, ಚೆನ್ನಾಗಿ ತೊಳೆದು, ತಣ್ಣೀರಿನಲ್ಲಿಟ್ಟು ನಿಧಾನವಾಗಿ ಕುದಿಸಿ, ಪೂರ್ತಿ ಒಣಗಿಸಿ. ತಣ್ಣಗಿನ ಟೀಪಾಟನ್ನು ನೇರ ಕುದಿಯುವ ನೀರಿಗೆ ಮಾತ್ರ ಹಾಕಬೇಡಿ, ಝುನಿ ಆದರೆ ಸೀಳಿಯೇ ಬಿಡಬಹುದು.

“ಒಂದು ಟೀಪಾಟ್‌ಗೆ ಒಂದೇ ಟೀ ಅನ್ನುತ್ತಾರಲ್ಲ?” ಒಂದೇ ಟೀ ಅಲ್ಲ, ಒಂದೇ ಜಾತಿ ಅಂದರೆ ಸಾಕು. ಮಾಗಿಸಿದ ಪುಅರ್ ಹಾಕಿದ್ದಕ್ಕೆ ಮಾರನೇ ದಿನ ತಿಳಿ ಊಲಾಂಗ್ ಹಾಕಿದರೆ ಮಣ್ಣುವಾಸನೆ ಹತ್ತುತ್ತದೆ. ಅದು ಬಿಟ್ಟರೆ ತೀರಾ ಮಡಿ ಬೇಡ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಅಕ್ಕ: “ಇದರಲ್ಲಿ ನಮ್ಮ ಹಾಲು ಹಾಕಿದ ಟೀ ಮಾಡಬಹುದಾ?” ಎಲ್ಲರೂ ನಕ್ಕರು, ಆದರೆ ಪ್ರಶ್ನೆ ಸರಿಯಾಗೇ ಇದೆ. ಮಾಡಬೇಡಿ ಅಕ್ಕ. ಹಾಲಿನ ಜಿಡ್ಡು ತೂತುಗಳಿಗೆ ಇಳಿದರೆ ಆಮೇಲೆ ಹುಳಿವಾಸನೆ ಬಿಡಿಸುವುದು ಕಷ್ಟ. ನಮ್ಮ ಪುಡಿ ಟೀಗೆ ಸ್ಟೀಲ್ ಪಾತ್ರೆ, ಜೋರು ಉರಿ, ಶುಂಠಿ ಇದ್ದರೆ ಆಯಿತು, ಇದರ ಅಗತ್ಯವೇ ಇಲ್ಲ. ಮೊದಲ ಸಲ ಕೊಳ್ಳುವುದಾದರೆ 100ರಿಂದ 150 ಮಿಲಿಯ, ಸಾದಾ ದುಂಡಗಿನ, ಹೆಸರಿಲ್ಲದ ಕೈಗಾರ ಮಾಡಿದ, ಅರ್ಧ ಕೈಕೆಲಸದ ಜಿನಿ ಟೀಪಾಟ್ ಸಾಕು. ಅಂಗಡಿಯಲ್ಲಿ ನೀರು ತುಂಬಿಸಿ ಒಂದೇ ಕೈಯಲ್ಲಿ ಎತ್ತಿ ಬಗ್ಗಿಸಿ ನೋಡಿ. ಬೆರಳು ಹೊಟ್ಟೆಗೆ ತಾಗಿ ಸುಡುವಂತಿದೆಯಾ, ನೀರು ಮೂತಿಯಿಂದ ನೆಟ್ಟಗೆ ಬೀಳುತ್ತದಾ, ನಿಲ್ಲಿಸಿದಾಗ ಮೂತಿಯ ಕೆಳಗೆ ಹನಿ ಇಳಿದು ಮೇಜಿಗೆ ಬೀಳುತ್ತದಾ ನೋಡಿಕೊಳ್ಳಿ. ನೀರು ಹಾಕಿ ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಲು ಹೋಗಬೇಡಿ.